ರೊಟ್ಟಿ ಬಡಿಯುತ್ತ ಕೇಳುವವರ ಪರವಾಗಿ: ಕಾರ್ಮಿಕ ಸಚಿವರಿಗೆ ಒಂದು ಬಹಿರಂಗ ಪತ್ರ

ಸನ್ಮಾನ್ಯ ಕಾರ್ಮಿಕ ಸಚಿವರಿಗೆ,

ನಮಸ್ಕಾರಗಳು.

ನಾನು ರಾಯಚೂರು ಜಿಲ್ಲೆ ಮಾನ್ವಿ ತಾಲ್ಲೂಕಿನ ಒಬ್ಬ ಕೇಬಲ್ ಆಪರೇಟರ್. ಇಪ್ಪತ್ತೆರಡು ವರ್ಷಗಳಿಂದ ನಾಲ್ಕು ಊರು, ಆಂಧ್ರದಿಂದ ಬಂದು ನೆಲೆಸಿದವರ ಎರಡು ಕ್ಯಾಂಪುಗಳ ಮನೆಗಳಿಗೆ ಟಿವಿ ತಲುಪಿಸುತ್ತಿದ್ದೇನೆ. ಕೋತಿ ಕೇಬಲ್ ಹರಿದರೂ, ಸಿಡಿಲಿಗೆ ಆಂಪ್ಲಿಫೈಯರ್ ಸುಟ್ಟರೂ, ಧಾರಾವಾಹಿಯ ನಾಯಕಿ ರಾತ್ರೋರಾತ್ರಿ ಬದಲಾದರೂ ಬೈಗುಳ ತಿನ್ನುವುದು ನಾನೇ. ಬೆಂಗಳೂರಿನ ವಾಹಿನಿಯವರ ಫೋನ್ ನಂಬರ್ ಇಲ್ಲಿ ಯಾರ ಬಳಿಯೂ ಇಲ್ಲ, ನನ್ನ ನಂಬರ್ ಎಲ್ಲರ ಬಾಗಿಲ ಮೇಲೂ ಸೀಮೆಸುಣ್ಣದಲ್ಲಿ ಬರೆದಿದೆ.

ಪ್ರತಿ ತಿಂಗಳ ಮೊದಲ ವಾರ ರಸೀದಿ ಪುಸ್ತಕ ಹಿಡಿದು ಮನೆ ಮನೆ ಸುತ್ತುತ್ತೇನೆ. ಒಂದು ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಅಕ್ಷರ ಬಾರದು, ಅಂಕಿ ಚೆನ್ನಾಗಿ ಗೊತ್ತು. ರಸೀದಿಯನ್ನು ಕಣ್ಣಿಗೆ ಹತ್ತಿರ ಹಿಡಿದು ಒಂದೊಂದು ಅಂಕಿಯ ಮೇಲೂ ಬೆರಳಿಟ್ಟು ಕೇಳುತ್ತಾರೆ: ‘ಇದು ಯಾವುದಕ್ಕಪ್ಪಾ?’ 2019ರ ಫೆಬ್ರುವರಿಯಲ್ಲಿ ಹೊಸ ದರ ಪದ್ಧತಿ ಬಂದಾಗ, ಮೂಲ ಶುಲ್ಕ 130 ರೂಪಾಯಿ, ಅದರ ಮೇಲೆ ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ, ಆಮೇಲೆ ನೀವು ನೋಡುವ ಒಂದೊಂದು ಪಾವತಿ ವಾಹಿನಿಗೂ ಬೇರೆ ಬೆಲೆ ಎಂದು ಅವರಿಗೆ ಬಿಡಿಸಿ ಹೇಳಲು ಅರ್ಧ ಗಂಟೆ ಹಿಡಿಯಿತು. ಕೊನೆಗೆ ಅವರು, ‘ಹಾಗಾದರೆ ತಂತಿಗೆ ಒಂದು, ಕಥೆಗೆ ಒಂದು’ ಎಂದು ಲೆಕ್ಕ ಮುಗಿಸಿದರು. ನನಗಿಂತ ಚೆನ್ನಾಗಿ ಹೇಳಿದರು.

2024ರಲ್ಲಿ ನಿಮ್ಮ ಸರ್ಕಾರ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕಲ್ಯಾಣಕ್ಕಾಗಿ ಕಾಯ್ದೆ ತಂದಿತು. ಸಿನಿಮಾ ಟಿಕೆಟ್ ಮತ್ತು ಚಂದಾ ಶುಲ್ಕದ ಮೇಲೆ ಶೇಕಡಾ 1ರಿಂದ 2ರವರೆಗೆ ಸೆಸ್ ಎತ್ತಿ ಒಂದು ನಿಧಿ ಮಾಡುವುದು, ಅದಕ್ಕೊಂದು ಮಂಡಳಿ ರಚಿಸುವುದು ಎಂದು ಪತ್ರಿಕೆಯಲ್ಲಿ ಓದಿದೆ. ‘ಚಂದಾ’ ಎಂಬ ಶಬ್ದ ಕಂಡ ಕೂಡಲೇ ಅಜ್ಜಿಯ ಬೆರಳು ಕಣ್ಣ ಮುಂದೆ ಬಂತು. ರಸೀದಿಯಲ್ಲಿ ಮೂರೋ ಐದೋ ರೂಪಾಯಿಯ ಹೊಸ ಸಾಲು ಬಿದ್ದ ತಿಂಗಳು ಅವರಿಗೆ ಏನು ಹೇಳಲಿ? ಇದನ್ನು ಕೇಳುವುದಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ಆದರೆ ವಿಷಯಕ್ಕೆ ಬರಲು ದಾರಿ ಸ್ವಲ್ಪ ಸುತ್ತು. ಅಮೆರಿಕಕ್ಕೂ ಹೋಗಿ ಬರಬೇಕಾಗುತ್ತದೆ, ತಾಳ್ಮೆ ಇರಲಿ.

2020ರ ಮಾರ್ಚ್ ಕೊನೆಯಲ್ಲಿ ಎಲ್ಲ ಬಂದ್ ಆಯಿತಲ್ಲ, ಆಗ ಚಿತ್ರೀಕರಣವೂ ನಿಂತಿತು. ದಿನಕ್ಕೊಂದು ಸಂಚಿಕೆ ಬೇಯಿಸಿ ಬಡಿಸುವ ಧಾರಾವಾಹಿಗೆ ಅಟ್ಟದ ಮೇಲೆ ದಾಸ್ತಾನು ಎಷ್ಟಿರುತ್ತದೆ? ಕೆಲವು ದಿನಗಳದು. ಅದು ತೀರಿದ ಮೇಲೆ ಹಳೆಯ ಸಂಚಿಕೆಗಳು ಬಂದವು. ಏಪ್ರಿಲ್ ತಿಂಗಳಿಡೀ ಸಂಜೆ ಏಳಾದರೆ ನನ್ನ ಮೊಬೈಲ್ ಬಡಿದುಕೊಳ್ಳುತ್ತಿತ್ತು. ‘ಹಳೆಯದು ಯಾಕೆ ಹಾಕಿದ್ದೀಯಪ್ಪಾ, ಹೊಸದು ಹಾಕು.’ ನಾನು ಹಾಕುವುದಲ್ಲ ತಾಯಿ ಎಂದರೆ ಯಾರೂ ನಂಬಲಿಲ್ಲ. ಒಬ್ಬರಂತೂ ದನಿ ತಗ್ಗಿಸಿ, ‘ಅವಳ ಮದುವೆ ಆಗುತ್ತದೋ ಇಲ್ಲವೋ, ಅಷ್ಟು ಹೇಳಿಬಿಡು, ಯಾರಿಗೂ ಹೇಳುವುದಿಲ್ಲ’ ಎಂದರು. ಕಥೆಯೆಲ್ಲ ಮೊದಲೇ ನನ್ನ ಕಂಟ್ರೋಲ್ ರೂಮಿಗೆ ಬಂದು ಬಿದ್ದಿರುತ್ತದೆ ಎಂದು ಅವರ ಎಣಿಕೆ. ಧಾರಾವಾಹಿ ನಿಂತಿದ್ದರಿಂದ ಮನೆಯಲ್ಲಿ ಶಾಂತಿ ನೆಲೆಸಿದೆ ಎಂದು ಹೇಳಿದ ಯಜಮಾನರೂ ಇದ್ದರು. ಹದಿನೈದು ದಿನವಾದ ಮೇಲೆ ಅವರೇ ಫೋನ್ ಮಾಡಿದರು.

ಆಗ ನನಗೆ ಒಂದು ಸಂಗತಿ ಹೊಳೆಯಿತು. ನಮ್ಮ ಕಡೆ ಧಾರಾವಾಹಿಯನ್ನು ನೋಡುವುದು ಕಡಿಮೆ, ಕೇಳುವುದೇ ಹೆಚ್ಚು. ಹತ್ತಿ ಬಿಡಿಸಿ ಬಂದ ಹೆಂಗಸರು ಕೈಕಾಲು ತೊಳೆದು ಒಲೆಯ ಮುಂದೆ ಕೂರುವ ಹೊತ್ತು ಅದು. ಟಿವಿ ಪಡಸಾಲೆಯಲ್ಲಿ, ಒಲೆ ಒಳಗೆ. ಕೈ ಜೋಳದ ಹಿಟ್ಟಿನಲ್ಲಿ, ಕಿವಿ ಮಾತಿನಲ್ಲಿ. ಜೋರು ಜಗಳ ಬಂದರೆ ರೊಟ್ಟಿ ಬಡಿಯುವ ಸಪ್ಪಳ ನಿಲ್ಲುತ್ತದೆ, ಹಾಡು ಬಂದರೆ ಮತ್ತೆ ಶುರುವಾಗುತ್ತದೆ. ನಾಯಕಿಯ ಸೀರೆ ಯಾವ ಬಣ್ಣದ್ದೆಂದು ಅವರಿಗೆ ಗೊತ್ತಿಲ್ಲ. ಅವಳು ಅತ್ತೆಗೆ ಏನೆಂದು ತಿರುಗಿ ಹೇಳಿದಳು ಎಂಬುದು ಅಕ್ಷರಕ್ಕೆ ಅಕ್ಷರ ಗೊತ್ತು. ಅಂದರೆ ನನ್ನ ಚಂದಾದಾರರಲ್ಲಿ ಅರ್ಧ ಜನ ಹಣ ಕೊಡುವುದು ನಟಿಗಲ್ಲ, ಸೆಟ್ಟಿಗಲ್ಲ, ಕ್ಯಾಮೆರಾಕ್ಕಲ್ಲ; ಮಾತು ಬರೆದವನಿಗೆ. ಅವನು ಯಾರೆಂದು ಮಾತ್ರ ಅವರಿಗೆ ಗೊತ್ತಿಲ್ಲ.

ಈಗ ಅಮೆರಿಕ. 2023ರ ಮೇ 2ರಂದು ಅಲ್ಲಿನ ಸಿನಿಮಾ ಮತ್ತು ಟಿವಿ ಬರಹಗಾರರು, ಹೆಚ್ಚುಕಡಿಮೆ 11,500 ಮಂದಿ, ಪೆನ್ನು ಕೆಳಗಿಟ್ಟು ಸ್ಟುಡಿಯೋಗಳ ಬಾಗಿಲಲ್ಲಿ ಫಲಕ ಹಿಡಿದು ನಿಂತರು. 148 ದಿನ ನಿಂತರು. ಜುಲೈ 14ರಿಂದ ನಟನಟಿಯರೂ ಬಂದು ಸೇರಿದರು. ಇಬ್ಬರೂ ಒಟ್ಟಿಗೆ ಮುಷ್ಕರ ಹೂಡಿದ್ದು 1960ರ ನಂತರ ಅದೇ ಮೊದಲು. ಅದರ ಪರಿಣಾಮ ಪ್ರೇಕ್ಷಕರಿಗೆ ಹೇಗೆ ತಟ್ಟಿತು ಎಂಬುದನ್ನು ಅರ್ಥ ಮಾಡಿಕೊಳ್ಳಲು ನಾನು ಯಾವ ಪುಸ್ತಕವನ್ನೂ ಓದಬೇಕಾಗಲಿಲ್ಲ. ನಾವು ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದವರು.

ಅಣೆಕಟ್ಟೆ ಇರುವ ಮುನಿರಾಬಾದಿನಲ್ಲಿ ಗೇಟು ಇಳಿಸಿದ ಮರುದಿನ ನಮ್ಮ ಉಪಕಾಲುವೆಯಲ್ಲಿ ನೀರು ಹರಿಯುತ್ತಲೇ ಇರುತ್ತದೆ. ಕಾಲುವೆ 200 ಕಿಲೋಮೀಟರಿಗೂ ಉದ್ದ. ಮೇಲೆ ನಿಂತದ್ದು ಕೆಳಗೆ ಗೊತ್ತಾಗಲು ದಿನಗಳು ಬೇಕು. ಮೊದಲು ಮೈಲ್ 69ರಲ್ಲಿ ಗೇಜ್, ಅಂದರೆ ನೀರಿನ ಮಟ್ಟ, ಇಳಿಯಿತಂತೆ ಎಂಬ ಸುದ್ದಿ ಬರುತ್ತದೆ, ಆಮೇಲೆ 104ರಲ್ಲಿ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋಯಿತಲ್ಲ, ಮರುದಿನ ಬೆಳಗ್ಗೆ ನಮ್ಮ ಗದ್ದೆಗಳು ಹಿಂದಿನ ದಿನದಷ್ಟೇ ಹಸಿರಾಗಿದ್ದವು. ದಾರಿಹೋಕರು ಯಾರಾದರೂ ನೋಡಿದ್ದರೆ ಏನೂ ಆಗಿಲ್ಲವಲ್ಲ ಎನ್ನುತ್ತಿದ್ದರು. ರೈತನ ಎದೆ ಮಾತ್ರ ಹೊಡೆದುಕೊಳ್ಳುತ್ತಿತ್ತು.

ಅಲ್ಲಿಯೂ ಹೀಗೆಯೇ. ಅಂದಂದಿನ ಸುದ್ದಿಯ ಮೇಲೆ ಅಂದಂದೇ ನಗೆಮಾತು ಬರೆಸಿ ನಡೆಸುವ ರಾತ್ರಿಯ ಕಾರ್ಯಕ್ರಮಗಳು ಅಣೆಕಟ್ಟೆಯ ಬುಡದ ಹೊಲಗಳು; ಮೊದಲ ರಾತ್ರಿಯೇ ಒಣಗಿ ಮರುಪ್ರಸಾರಕ್ಕೆ ಬಿದ್ದವು. ಕಥೆಯುಳ್ಳ ಧಾರಾವಾಹಿಗಳ ಹೊಸ ಋತು ಅಲ್ಲಿ ಸೆಪ್ಟೆಂಬರ್ ಹೊತ್ತಿಗೆ ಆರಂಭವಾಗಬೇಕು. ಆ ವರ್ಷ ಆ ಜಾಗವನ್ನು ಆಟದ ಕಾರ್ಯಕ್ರಮಗಳು, ರಿಯಾಲಿಟಿ ಶೋಗಳು, ಹಳೆಯ ಕಂತುಗಳು ತುಂಬಿದವು. ಸೆಪ್ಟೆಂಬರಿನಲ್ಲಿ ನಡೆಯಬೇಕಿದ್ದ, ಟಿವಿಯವರಿಗೆ ಕೊಡುವ ಎಮ್ಮಿ ಪ್ರಶಸ್ತಿ ಸಮಾರಂಭ 2024ರ ಜನವರಿಗೆ ಹೋಯಿತು. ಕೆಳಭಾಗದ ಹೊಲಗಳಾದ ದೊಡ್ಡ ಸಿನಿಮಾಗಳಿಗೆ ಬಿಸಿ ತಟ್ಟಿದ್ದು ಮುಷ್ಕರ ಮುಗಿದು ಎಲ್ಲರೂ ಮರೆತ ಮೇಲೆ, ಬಿಡುಗಡೆಯ ದಿನಾಂಕಗಳು ತಿಂಗಳುಗಟ್ಟಲೆ ಜರುಗಿದಾಗ. ಮುಷ್ಕರದ ಮೊದಲ ತಿಂಗಳು ‘ಪ್ರೇಕ್ಷಕರಿಗೇನೂ ತೊಂದರೆಯಿಲ್ಲ’ ಎಂದು ಹೇಳುವ ಧೈರ್ಯ ಮಾಲೀಕರಿಗೆ ಬರುವುದು ಈ ಹಸಿರನ್ನು ನೋಡಿಯೇ.

ಅಷ್ಟು ದಿನ ಅವರು ನಿಂತದ್ದು ಏತಕ್ಕೆ? ಮೊದಲನೆಯದು ಮರುಪ್ರಸಾರದ ಪಾಲು. ತಾನು ಬರೆದದ್ದನ್ನು ಮತ್ತೆ ಮತ್ತೆ ತೋರಿಸಿ ಹಣ ಮಾಡಿದರೆ ಅದರಲ್ಲಿ ಬರೆದವನಿಗೂ ಸ್ವಲ್ಪ ಸಿಗಬೇಕು. ಸಿನಿಮಾ ಟಿವಿಗೆ ಬಂದಾಗ ಬರಹಗಾರನಿಗೆ ಪಾಲು ಎಂಬುದನ್ನು ಅವರು 1960ರ ಮುಷ್ಕರದಲ್ಲೇ ಗೆದ್ದಿದ್ದರು. ಡಿವಿಡಿ ಬಂತು, ಇಂಟರ್ನೆಟ್ ಬಂತು, 2007ರ ನವೆಂಬರಿನಿಂದ 100 ದಿನ ಮತ್ತೆ ಬೀದಿಗಿಳಿದರು. ಆಮೇಲೆ ಒಟಿಟಿ ಬಂದು ಆ ಲೆಕ್ಕವೇ ಅಳಿಸಿಹೋಯಿತು. ಎಷ್ಟು ಜನ ನೋಡಿದರು ಎಂಬುದನ್ನು ಕಂಪನಿ ಬಾಯಿ ಬಿಡದಿದ್ದರೆ ಪಾಲು ಕೇಳುವುದು ಹೇಗೆ? ಇನ್ನೊಂದು ಸಂಗತಿ, ಎಐ. ಯಂತ್ರದಿಂದ ಕಚ್ಚಾ ಬರಹ ತೆಗೆಸಿ, ‘ಇದನ್ನು ತಿದ್ದಿಕೊಡು ಸಾಕು’ ಎಂದು ಕೂಲಿ ಕಡಿಯುವ ಉಪಾಯಕ್ಕೆ ಅವರು ಒಪ್ಪಂದದಲ್ಲಿಯೇ ಬೇಲಿ ಹಾಕಿಸಿದರು: ಯಂತ್ರ ಬರೆದದ್ದು ಬರಹವೆನಿಸುವುದಿಲ್ಲ, ಕೊಡುವುದಾದರೆ ಯಂತ್ರದ್ದೆಂದು ಹೇಳಿಯೇ ಕೊಡಬೇಕು. ಒಟಿಟಿಯಲ್ಲಿ ಹೆಚ್ಚು ಜನ ನೋಡಿದ ಸರಣಿಗೆ ಬರಹಗಾರರಿಗೆ ಹೆಚ್ಚುವರಿ ಹಣವೂ ಸಿಕ್ಕಿತು.

ಇದನ್ನೆಲ್ಲ ನಾನು ಆಸಕ್ತಿಯಿಂದ ಓದಲು ಮನೆಯಲ್ಲೇ ಕಾರಣವಿದೆ. ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಧಾರಾವಾಹಿಗೆ ಸಂಭಾಷಣೆ ಬರೆಯುತ್ತಾನೆ. ಬಿ.ಎ. ಮುಗಿಸಿ, ಬಯಲಾಟದ ಮೇಳದ ಹಿಂದೆ ಒಂದು ವರ್ಷ ಅಲೆದು, ಆಮೇಲೆ ಹೋದವನು. ಒಮ್ಮೆ ಮೊಹರಂಗೆ ಊರಿಗೆ ಬಂದಿದ್ದ. ನಮ್ಮ ಜಿಲ್ಲೆಯಲ್ಲಿ ಮೊಹರಂ ಎಂದರೆ ಜಾತಿಮತದ ಲೆಕ್ಕವಿಲ್ಲದ ಹಬ್ಬ, ನಿಮಗೆ ಹೇಳಬೇಕಿಲ್ಲ. ಅಲಾಯಿ ಕುಣಿತ ಆರಂಭವಾಗಿ ಹಲಗೆಯ ಸದ್ದಿಗೆ ಕಿವಿ ತುಂಬಿತ್ತು. ಅವನಿಗೆ ಫೋನ್ ಬಂತು. ಅತ್ತೆಯ ಪಾತ್ರದವರಿಗೆ ಜ್ವರವಂತೆ, ನಾಳೆ ಬೆಳಗ್ಗೆ ಏಳಕ್ಕೆ ಶೂಟಿಂಗ್, ಮೂರು ಸೀನ್ ಅವರಿಲ್ಲದೆ ಮತ್ತೆ ಬರೆದು ಕಳುಹಿಸು ಎಂದು ಅತ್ತಲಿಂದ ಅಪ್ಪಣೆ. ಅವನು ಗುಂಪಿನಿಂದ ಎದ್ದು ಬಂದು ನನ್ನ ಕಂಟ್ರೋಲ್ ರೂಮಿನಲ್ಲಿ ಕುಳಿತ. ಲ್ಯಾಪ್‌ಟಾಪ್ ತಂದಿರಲಿಲ್ಲ. ಮೊಬೈಲಿನಲ್ಲಿ ಹೆಬ್ಬೆರಳಿನಿಂದ ರಾತ್ರಿ ಒಂದೂವರೆಯವರೆಗೆ ಬರೆದ. ನಡುವೆ ಒಮ್ಮೆ ತಲೆ ಎತ್ತಿ, ‘ಮಾವ, ಅತ್ತೆಯನ್ನು ಎಲ್ಲಿಗೆ ಕಳಿಸಲಿ? ಕಾಶಿಗೆ ಕಳಿಸಿ ಆರು ತಿಂಗಳಾಗಿಲ್ಲ’ ಎಂದು ಕೇಳಿದ. ತವರಿಗೆ ಕಳಿಸು ಎಂದೆ. ‘ಅವಳಿಗೆ ತವರಿಲ್ಲ ಎಂದು ಇನ್ನೂರನೆಯ ಸಂಚಿಕೆಯಲ್ಲಿ ಅಳಿಸಿದ್ದೇನೆ’ ಎಂದ.

ನೀವು ನಗಬಹುದು. ಹಾಲಿನಲ್ಲಿ ವಿಷ, ಮರೆತುಹೋದ ನೆನಪು, ಸತ್ತವರು ಬದುಕಿ ಬರುವುದು, ಇದೇ ತಾನೆ ಇವರು ಬರೆಯುವುದು ಎಂದು ಓದಿದವರು ಮೂಗು ಮುರಿಯುತ್ತಾರೆ. ನಾನೂ ಎಷ್ಟೋ ಸಲ ಮುರಿದಿದ್ದೇನೆ. ಆದರೆ ಗುರುವಾರ ಟಿಆರ್‌ಪಿ ಬರುತ್ತದೆ, ಶುಕ್ರವಾರ ಕಥೆಯ ದಿಕ್ಕು ಬದಲಾಗುತ್ತದೆ, ಶನಿವಾರಕ್ಕೆ ಹೊಸ ಸೀನ್ ಬೇಕು. ಹೀಗೆ ಓಡಿಸಿದರೆ ಕಾಶಿಯಲ್ಲದೆ ಮತ್ತೇನು ಹೊಳೆಯುತ್ತದೆ? ಬಿತ್ತಿದ ಮರುದಿನವೇ ಕೊಯ್ಲು ಮಾಡು ಎಂದರೆ ನಾನಾದರೂ ಹುಲ್ಲನ್ನೇ ಕೊಯ್ದು ತಂದೇನು.

ಅದೇ ಹುಡುಗನ ಇನ್ನೊಂದು ಸಂಗತಿ. ನನ್ನ ಅಕ್ಕನಿಗೆ ಒಂದು ಮಾತಿನ ರೂಢಿ ಇದೆ. ಯಾರಾದರೂ ಸಾಲ ತೀರಿಸುತ್ತೇನೆ, ನಾಳೆ ಬರುತ್ತೇನೆ ಎಂದರೆ, ‘ನಿನ್ನನ್ನು ನಂಬುವುದೆಂದರೆ ಗೇಟು ಮುಚ್ಚಿದ ಕಾಲುವೆಯಲ್ಲಿ ಕೊಡ ಅದ್ದಿದ ಹಾಗೆ’ ಎನ್ನುತ್ತಾಳೆ. ಒಂದು ಸಂಜೆ ಒಳಗೆ ರೊಟ್ಟಿ ಬಡಿಯುತ್ತಿದ್ದಳು, ನಾನು ಪಡಸಾಲೆಯಲ್ಲಿ ಬಾಕ್ಸ್ ರಿಪೇರಿ ಮಾಡುತ್ತ ಕುಳಿತಿದ್ದೆ. ಟಿವಿಯಲ್ಲಿ ಬೆಂಗಳೂರಿನ ಯಾವುದೋ ಬಂಗಲೆಯ, ಮೈತುಂಬ ಬಂಗಾರ ಹೇರಿಕೊಂಡ ಅತ್ತೆ ಸೊಸೆಯ ಮುಖ ನೋಡಿ ಅದೇ ಮಾತನ್ನು ಹೇಳಿದಳು. ಜನ್ಮದಲ್ಲಿ ಕಾಲುವೆ ಕಂಡವಳಲ್ಲ ಆಕೆ. ರೊಟ್ಟಿಯ ಸಪ್ಪಳ ಥಟ್ಟನೆ ನಿಂತಿತು. ಅಕ್ಕ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಟಿವಿಯನ್ನು ನೋಡುತ್ತ ನಿಂತಳು. ‘ಅದು ನನ್ನ ಮಾತು’ ಎಂದಳು.

ಮಗನ ಹೆಸರು ಬರುತ್ತದೆ ಎಂದು ಇಬ್ಬರೂ ಕಾದೆವು. ಕೊನೆಯಲ್ಲಿ ಪಟ್ಟಿ ಬಂತು, ಬಂದಷ್ಟೇ ವೇಗದಲ್ಲಿ ಹೋಯಿತು. ಅರ್ಧ ಪರದೆಯ ಮೇಲೆ ಮುಂದಿನ ಕಾರ್ಯಕ್ರಮದ ಜಾಹೀರಾತು ಹತ್ತಿ ಕುಳಿತಿತ್ತು. ನನ್ನ ಬಳಿ ರೆಕಾರ್ಡಿಂಗ್ ಇರುವ ಬಾಕ್ಸ್ ಒಂದಿದೆ. ಮರುದಿನ ಅಕ್ಕನನ್ನು ಕರೆಸಿ, ಹಿಂದಕ್ಕೆ ಮುಂದಕ್ಕೆ ಎಳೆದು, ಐದನೆಯ ಸಲಕ್ಕೆ ಸರಿಯಾದ ಜಾಗದಲ್ಲಿ ನಿಲ್ಲಿಸಿದೆ. ಸಂಭಾಷಣೆ ಎಂಬ ಪದ ಪೂರ್ತಿ ಕಾಣಿಸಿತು. ಅದರ ಮುಂದೆ ಅವನ ಹೆಸರಿನ ಮೊದಲ ಎರಡು ಅಕ್ಷರ ಕಾಣಿಸಿದವು. ಉಳಿದದ್ದು ಒಂದು ಸೋಪಿನ ಅಡಿಗೆ ಹೋಗಿತ್ತು. ಅಕ್ಕ ಅಷ್ಟಕ್ಕೇ ಕೈ ಮುಗಿದಳು.

ಆ ಧಾರಾವಾಹಿ ಓಟ ಕಡಿಮೆ ಎಂದು ಒಂದು ದಿನ ಇದ್ದಕ್ಕಿದ್ದಂತೆ ನಿಂತುಹೋಯಿತು. ಅವನಿಗೆ ಮೂವತ್ತೆಂಟು ಸಂಚಿಕೆಗಳ ಹಣ ಬರಬೇಕಿತ್ತು. ಪ್ರಸಾರವಾಗಿ ತೊಂಬತ್ತು ದಿನಕ್ಕೆ ಕೊಡುತ್ತೇವೆ ಎಂದಿದ್ದರು. ಆ ತೊಂಬತ್ತು ದಿನ ಮುಗಿದು ವರ್ಷವಾಯಿತು. ಕೇಳಲು ಹೋದರೆ ಮುಂದಿನ ಕೆಲಸ ಕೊಡುವವರೂ ಅದೇ ಬಳಗದವರು. ಮುಷ್ಕರ ಮಾಡಬಾರದೇ ಎಂದು ನಾನು ಅಮೆರಿಕದ ಹುರುಪಿನಲ್ಲಿ ಕೇಳಿಬಿಟ್ಟೆ. ಅವನು, ‘ಮಾವ, ನಾನು ಬೆಳಗ್ಗೆ ಮುಷ್ಕರ ಹೂಡಿದರೆ ಸಂಜೆಯೊಳಗೆ ಇನ್ನೊಬ್ಬ ಬರೆದು ಕಳುಹಿಸಿರುತ್ತಾನೆ. ಅವನಿಗೂ ಮನೆ ಬಾಡಿಗೆ ಇರುತ್ತದೆ’ ಎಂದ.

ಇಲ್ಲಿಗೂ ಅಲ್ಲಿಗೂ ಇರುವ ವ್ಯತ್ಯಾಸ ಇದೇ ಎಂದು ನನಗೆ ಅನಿಸುತ್ತದೆ. ಅಲ್ಲಿ ಮುಷ್ಕರ ನಡೆದು ಪ್ರೇಕ್ಷಕನಿಗೆ ಕಥೆ ತಪ್ಪಿತು. ಇಲ್ಲಿ ಮುಷ್ಕರವೇ ಇಲ್ಲದೆ ತಪ್ಪುತ್ತಿದೆ. ಹಣ ಬಾರದ ಬರಹಗಾರ ಒಬ್ಬೊಬ್ಬನಾಗಿ ಎದ್ದು ಹೋಗುತ್ತಾನೆ. ಅವನ ಜಾಗಕ್ಕೆ ಬೇರೆ ಭಾಷೆಯ ಧಾರಾವಾಹಿಯ ರೀಮೇಕ್ ಬರುತ್ತದೆ, ಇಲ್ಲವೇ ಡಬ್ಬಿಂಗ್ ಬರುತ್ತದೆ. 2020ರಲ್ಲಿ ಹೊಸ ಸಂಚಿಕೆಗಳಿಲ್ಲದ ಆ ಖಾಲಿಯಲ್ಲೇ ಹಿಂದಿಯ ಮಹಾಭಾರತ ಕನ್ನಡಕ್ಕೆ ಡಬ್ ಆಗಿ ಬಂತು, ಜನ ಮುಗಿಬಿದ್ದು ನೋಡಿದರು. ಡಬ್ಬಿಂಗ್ ಬೇಡ ಎನ್ನುವವನು ನಾನಲ್ಲ. ನನ್ನ ಚಂದಾದಾರರು ಖುಷಿಪಟ್ಟರು, ನನಗೆ ಅಷ್ಟೇ ಬೇಕು. ಆದರೆ ಡಬ್ ಆದ ಮಾತಿನಲ್ಲಿ ಗೇಟು ಮುಚ್ಚಿದ ಕಾಲುವೆ ಬರುವುದಿಲ್ಲ. ತುಟಿಯ ಅಳತೆಗೆ ಹೊಲಿದ ಮಾತು ಅದು.

ಇನ್ನು ನಮ್ಮ ಗಡಿ ಜಿಲ್ಲೆಯದು ಬೇರೆಯೇ ಭಯ. ಕ್ಯಾಂಪುಗಳಲ್ಲಿ ತೆಲುಗು ವಾಹಿನಿಗಳು ಮೊದಲಿನಿಂದಲೂ ಉಂಟು. ಊರೊಳಗಿನ ಕನ್ನಡದ ಮನೆಗಳಿಗೂ ತೆಲುಗು ಅರ್ಥವಾಗುತ್ತದೆ. 2020ರ ಆ ಎರಡು ತಿಂಗಳಲ್ಲಿ ‘ತೆಲುಗಿನ ಪ್ಯಾಕ್ ಹಾಕು’ ಎಂದು ಕೇಳಿದ ಮನೆಗಳು ನನ್ನ ಪುಸ್ತಕದಲ್ಲಿವೆ. ಜೂನಿನಲ್ಲಿ ಕನ್ನಡದ ಹೊಸ ಸಂಚಿಕೆಗಳು ಬಂದ ಮೇಲೂ ಅವರಲ್ಲಿ ಕೆಲವರು ಆ ಪ್ಯಾಕ್ ತೆಗೆಸಲಿಲ್ಲ. ನನಗೇನು, ಎರಡೂ ನನ್ನ ತಂತಿಯಲ್ಲೇ ಹರಿಯುತ್ತವೆ. ಬೆಂಗಳೂರಿನ ವಾಹಿನಿಯವರು ಮಾತ್ರ ಬರಹಗಾರನಿಗೆ ಕೊಡದೆ ಉಳಿಸಿದ ಹಣದ ಪಕ್ಕದಲ್ಲಿ ಈ ಲೆಕ್ಕವನ್ನೂ ಬರೆದುಕೊಳ್ಳಲಿ.

ಕಾನೂನೇ ಇಲ್ಲವೇ ಎಂದರೆ, ಇದೆ. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಬಂತು. ಚಿತ್ರಮಂದಿರದ ಪ್ರದರ್ಶನ ಬಿಟ್ಟು ಬೇರೆ ರೀತಿಯಲ್ಲಿ ಕೃತಿಯನ್ನು ಬಳಸಿದಾಗಲೆಲ್ಲ ಬರೆದವನಿಗೆ ರಾಯಧನದ ಸಮಪಾಲು ಸಲ್ಲಬೇಕು, ಆ ಹಕ್ಕನ್ನು ಅವನು ತಾನಾಗಿಯೇ ಬರೆದುಕೊಟ್ಟರೂ ಬಿಟ್ಟುಹೋಗುವುದಿಲ್ಲ ಎಂದು ಅದು ಹೇಳುತ್ತದೆ. ಹಾಡಿನವರಿಗೆ ಹಣ ಎತ್ತಿ ಹಂಚಲು ಐಪಿಆರ್‌ಎಸ್ ಎಂಬ ಸಂಸ್ಥೆ ಇದೆ. ಆದರೆ 2020ರ ಏಪ್ರಿಲಿನಲ್ಲಿ ನನ್ನ ತಂತಿಯಲ್ಲಿ ಹರಿದ ಅಷ್ಟೂ ಹಳೆಯ ಸಂಚಿಕೆಗಳಿಗೆ ನನ್ನ ಅಳಿಯನ ಕೈಗೆ ಬಂದದ್ದು ಸೊನ್ನೆ. ಅವನ ಕರಾರು ಪತ್ರದಲ್ಲಿ ‘ಎಲ್ಲ ಹಕ್ಕುಗಳೂ ನಿರ್ಮಾಪಕರವು’ ಎಂಬ ಸಾಲು ದಪ್ಪಕ್ಷರದಲ್ಲಿದೆ. ಅದಕ್ಕೂ ಹಿಂದೆ, 1981ರಲ್ಲಿ ಕೇಂದ್ರವು ಸಿನಿಮಾ ಕಾರ್ಮಿಕರಿಗೆಂದು ಒಂದು ಕಾಯ್ದೆ ಮಾಡಿತ್ತು. ಅದರ ವ್ಯಾಖ್ಯೆಯಲ್ಲಿ ನಟರು, ಸಂಗೀತಗಾರರು, ನರ್ತಕರು ಎಂದು ಹೆಸರು ಹಿಡಿದು ಕರೆದು, ಆಮೇಲೆ ಕುಶಲ, ಅಕುಶಲ, ತಾಂತ್ರಿಕ, ಕಲಾತ್ಮಕ ಅಥವಾ ಇನ್ನಿತರ ಕೆಲಸ ಎಂದು ಮುಗಿಸಿದ್ದರು. ಬರೆಯುವವನು ಆ ‘ಇನ್ನಿತರ’ದಲ್ಲಿ ಎಲ್ಲೋ ಕುಳಿತಿದ್ದ, ಸೋಪಿನ ಅಡಿಯಲ್ಲಿ ಕುಳಿತ ಹಾಗೆಯೇ.

ಸಚಿವರೇ, ಇದು ನಿಮ್ಮ ಕೈಯಲ್ಲಿರುವ ಸಂಗತಿ. ಹೊಸ ಕಾಯ್ದೆಯಡಿ ಯಾರು ಕಾರ್ಯಕರ್ತರು ಎಂದು ಬರೆಯುವಲ್ಲೆಲ್ಲ ಕಥೆ, ಚಿತ್ರಕಥೆ, ಸಂಭಾಷಣೆ ಬರೆಯುವವರನ್ನು ಹೆಸರು ಹಿಡಿದು ಬರೆಯಿರಿ, ಕಿರುತೆರೆಯವರನ್ನೂ ಸೇರಿಸಿ. ಮಂಡಳಿಯಲ್ಲಿ ನಿರ್ಮಾಪಕರು, ನಟರು ಕುಳಿತ ಸಾಲಿನಲ್ಲಿ ಒಬ್ಬ ಬರಹಗಾರನಿಗೂ ಕುರ್ಚಿ ಹಾಕಿಸಿ. ಸಂಚಿಕೆ ಪ್ರಸಾರವಾದ ತಿಂಗಳೊಳಗೆ ಹಣ ಸಲ್ಲಬೇಕು, ಧಾರಾವಾಹಿ ನಿಂತರೂ ಬರೆದದ್ದಕ್ಕೆ ಕೊಡಲೇಬೇಕು ಎಂಬ ಮಾದರಿ ಕರಾರು ಪತ್ರವೊಂದನ್ನು ಇಲಾಖೆಯೇ ಸಿದ್ಧಪಡಿಸಲಿ. ನಾನು ಕೇಬಲ್ ಹುಡುಗರಿಗೆ ತಿಂಗಳ ಸಂಬಳ ಎರಡು ದಿನ ತಡ ಮಾಡಿದರೆ ಅವರು ಕಂಬ ಹತ್ತುವುದಿಲ್ಲ. ಆ ಹಕ್ಕು ಅವರಿಗಿದೆ. ಬೆಂಗಳೂರಿನಲ್ಲಿ ಕುಳಿತು ಹೆಬ್ಬೆರಳು ಸವೆಸುವವನಿಗೂ ಇರಲಿ. ಹೆಸರು ಓದುವಷ್ಟು ಹೊತ್ತು ಪರದೆಯ ಮೇಲೆ ನಿಲ್ಲಿಸಿ ಎಂದು ವಾಹಿನಿಯವರಿಗೆ ಹೇಳುವುದು ನಿಮ್ಮ ಇಲಾಖೆಯ ವ್ಯಾಪ್ತಿಗೆ ಬರುತ್ತದೋ ಇಲ್ಲವೋ, ಹೇಳಿದರೆ ತಪ್ಪೇನೂ ಇಲ್ಲ.

ಮುಷ್ಕರವಾಗಲಿ ಎಂದು ನಾನು ಬಯಸುವುದಿಲ್ಲ. ಎರಡು ತಿಂಗಳು ಹಳೆಯದು ಬಂದರೆ ರೀಚಾರ್ಜ್ ಬಿಡುವವರು ಎಷ್ಟು ಮನೆ ಎಂದು ನನಗೆ ಗೊತ್ತು. ಲೈಟ್ ಹಿಡಿಯುವವರು, ಮೇಕಪ್ ಮಾಡುವವರು, ಸೆಟ್ಟಿಗೆ ಊಟ ತರುವವರು ದಿನಗೂಲಿಯವರು, ಮೊದಲು ಬೀಳುವ ಹೊಟ್ಟೆ ಅವರದು. ಹಾಗೆಂದು ಒಂದು ದಿನ ಕನ್ನಡದ ಬರಹಗಾರರು ನಿಜವಾಗಿಯೂ ಪೆನ್ನು ಕೆಳಗಿಟ್ಟರೆ, ಸಂಜೆ ಏಳಕ್ಕೆ ಬರುವ ಬೈಗುಳದ ಫೋನುಗಳಿಗೆ ನಾನು ಏನು ಉತ್ತರ ಕೊಡಬೇಕೆಂದು ಈಗಲೇ ಯೋಚಿಸಿಟ್ಟಿದ್ದೇನೆ. ‘ಅವರಿಗೆ ಕೂಲಿ ಬಂದಿಲ್ಲ ತಾಯಿ’ ಎನ್ನುತ್ತೇನೆ. ಹತ್ತಿ ಬಿಡಿಸಿ ಬಂದವರಿಗೆ ಅದಕ್ಕಿಂತ ಹೆಚ್ಚು ಬಿಡಿಸಿ ಹೇಳುವುದು ಬೇಕಾಗುವುದಿಲ್ಲ.

ಇನ್ನು ಉಳಿದದ್ದು ಆ ಅಜ್ಜಿ. ಹೊಸ ಸಾಲಿನ ಮೇಲೆ ಬೆರಳಿಟ್ಟು ‘ಇದು ಯಾವುದಕ್ಕಪ್ಪಾ?’ ಎಂದಾಗ, ‘ಕಾಲುವೆಯಲ್ಲಿ ಕೊಡ ಅದ್ದಿದ ಮಾತು ಬರೆದವನಿಗೆ ಅಜ್ಜೀ’ ಎಂದು ಹೇಳಲು ನನಗೆ ಅನುಕೂಲ ಮಾಡಿಕೊಡಿ. ಮೂರಲ್ಲ, ಐದು ರೂಪಾಯಿಯಾದರೂ ಅವರು ಸೆರಗಿನ ಗಂಟು ಬಿಚ್ಚುತ್ತಾರೆ. ಆದರೆ ಅವರ ಎರಡನೆಯ ಪ್ರಶ್ನೆಯೂ ನನಗೆ ಗೊತ್ತಿದೆ, ಅದಕ್ಕೆ ಉತ್ತರ ನನ್ನ ಬಳಿ ಇಲ್ಲ, ನಿಮ್ಮ ಬಳಿ ಇರಬೇಕು. ‘ಅವನಿಗೆ ಮುಟ್ಟಿತೇನಪ್ಪಾ?’ ಎಂದು ಕೇಳುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಕೇಬಲ್ ಆಪರೇಟರ್
ಮಾನ್ವಿ ತಾಲ್ಲೂಕು, ರಾಯಚೂರು ಜಿಲ್ಲೆ